ಕೆಂಪು ಬೆಳಕಿನ ಟೋಪಿ ಹಾಕಿದರೆ ಪಾರ್ಕಿನ್ಸನ್ ವಾಸಿಯಾಗುತ್ತದೆಯೇ?

"ಕೈ ನಡುಕಕ್ಕೆ ಇನ್ನು ಮಾತ್ರೆ ಬೇಡ, ಬೆಳಕೇ ಔಷಧ" ಎನ್ನುವ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಪಾಲಹಳ್ಳಿಯಲ್ಲೋ ಕೆ.ಆರ್. ಪೇಟೆಯಲ್ಲೋ ನಡುಕದ ಕಾಯಿಲೆಯ ಅಜ್ಜನಿರುವ ಮನೆಗೆ ಇದು ತಲುಪಿದರೆ ಆಸೆ ಹುಟ್ಟುವುದು ಸಹಜ. ಆದರೆ ಇದನ್ನು ನಂಬಿ ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ನೋಡೋಣ.

ಏನಿದು ಕಾಯಿಲೆ?

ನಮ್ಮ ಕೈಕಾಲು ಸಲೀಸಾಗಿ ಆಡಲು ಡೋಪಮಿನ್ ಎಂಬ ರಾಸಾಯನಿಕ ಬೇಕು. ಅದನ್ನು ತಯಾರಿಸುವ ಜೀವಕೋಶಗಳು ಮೆದುಳಿನ ಆಳದಲ್ಲಿವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕೋಶಗಳು ನಿಧಾನವಾಗಿ ಸಾಯುತ್ತವೆ. ಆಗ ನಡುಕ, ಮೈ ಬಿಗಿತ, ನಿಧಾನ ನಡಿಗೆ ಶುರುವಾಗುತ್ತವೆ. ಕಣ್ಣಿಗೆ ಕಾಣದ ತೊಂದರೆಗಳೂ ಇವೆ: ರಾತ್ರಿ ನಿದ್ದೆ ಬಾರದಿರುವುದು, ಹಗಲೆಲ್ಲ ತೂಕಡಿಕೆ, ಮನಸ್ಸಿಗೆ ಮಂಕು.

ಪ್ರಖರ ಬೆಳಕಿನಿಂದ ಲಾಭವಿದೆಯೇ?

ಇದೆ, ಆದರೆ ಮುಖ್ಯವಾಗಿ ನಿದ್ದೆ ಮತ್ತು ತೂಕಡಿಕೆಯ ವಿಷಯದಲ್ಲಿ. ಕಣ್ಣಿಗೆ ಬೀಳುವ ಬೆಳಕು ಮೆದುಳಿನ 'ಗಡಿಯಾರ'ಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 31 ರೋಗಿಗಳಿದ್ದರು. ಒಂದು ಗುಂಪು 10,000 ಲಕ್ಸ್ ಬೆಳಕಿನ ಮುಂದೆ ದಿನಕ್ಕೆರಡು ಬಾರಿ, ಒಂದೊಂದು ಗಂಟೆ, 14 ದಿನ ಕುಳಿತಿತು. ಇನ್ನೊಂದು ಗುಂಪಿಗೆ ಮಂದವಾದ ಕೆಂಪು ಬೆಳಕು. ಪ್ರಖರ ಬೆಳಕು ಪಡೆದವರಲ್ಲಿ ಹಗಲಿನ ತೂಕಡಿಕೆ ಕಡಿಮೆಯಾಯಿತು. ರಾತ್ರಿಯ ನಿದ್ದೆ ಮಾತ್ರ ಎರಡೂ ಗುಂಪಿನಲ್ಲಿ ಸುಧಾರಿಸಿತು. ಅಂದರೆ ನಂಬಿಕೆಯ ಪಾಲೂ ಇದರಲ್ಲಿ ಇರಬಹುದು. ಗಮನಿಸಿ: ಅವರು ಯಾರೂ ಮಾತ್ರೆಯ ಬದಲಿಗೆ ಬೆಳಕು ತೆಗೆದುಕೊಳ್ಳಲಿಲ್ಲ.

ಹಾಗಾದರೆ ಕೆಂಪು ಟೋಪಿ?

ಇದು ಬೇರೆಯೇ ವಿಧಾನ. ಕೆಂಪು ಮತ್ತು ಅವಕೆಂಪು ಬೆಳಕು ಕೋಶಗಳ ಶಕ್ತಿ ಹೆಚ್ಚಿಸಿ ಅವನ್ನು ಉಳಿಸಬಹುದು ಎಂಬ ಊಹೆ ಇದರ ಹಿಂದಿದೆ. ಇಲಿ, ಕೋತಿಗಳ ಮೇಲಿನ ಪ್ರಯೋಗಗಳು ಆಸೆ ಹುಟ್ಟಿಸಿವೆ. ಆದರೆ ಮನುಷ್ಯನ ತಲೆಬುರುಡೆ ದಪ್ಪ, ಕಾಯಿಲೆಯ ಜಾಗ ಬಹಳ ಆಳ. ಹೊರಗಿನಿಂದ ಬಿಟ್ಟ ಬೆಳಕು ಅಲ್ಲಿಗೆ ತಲುಪುವುದೇ ಕಷ್ಟ. ಅದಕ್ಕೇ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನೊಳಗೇ ಬೆಳಕು ಹಾಯಿಸುವ ಪ್ರಯೋಗಕ್ಕೆ ಕೈಹಾಕಿದರು. ಟೋಪಿಯಿಂದ ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ?

ಲೆವೊಡೋಪ ಮಾತ್ರೆ ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಮೈ ಮರಗಟ್ಟಿದಂತೆ ಬಿಗಿದು, ಜೋರು ಜ್ವರ ಬಂದು, ಪ್ರಜ್ಞೆ ತಪ್ಪಿ ಪ್ರಾಣಾಪಾಯವಾಗಬಹುದು. ಮಾತ್ರೆ ಹೆಚ್ಚು ಕಡಿಮೆ ಮಾಡುವುದಿದ್ದರೆ ಮೈಸೂರು, ಮಂಡ್ಯದ ನರರೋಗ ತಜ್ಞರನ್ನೋ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರನ್ನೋ ಕೇಳಿಯೇ ಮಾಡಿ.

ನಾವು ಮಾಡಬಹುದಾದದ್ದು

ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಅಷ್ಟೇ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಂಗಳದ ಬಿಸಿಲು 10,000 ಲಕ್ಸ್ ದಾಟಿರುತ್ತದೆ, ಅದೂ ಪುಕ್ಕಟೆ! ಕತ್ತಲ ಕೋಣೆಯಲ್ಲಿ ಮಲಗಿರುವ ಅಜ್ಜನನ್ನು ಬೆಳಗ್ಗೆ ಜಗಲಿಗೆ ಕರೆತಂದು ಕೂರಿಸಿ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿ. ಸೂರ್ಯನನ್ನು ನೇರವಾಗಿ ನೋಡುವುದು ಬೇಡ. ಈ ಕಾಯಿಲೆಯಲ್ಲಿ ಎದ್ದು ನಿಂತಾಗ ಬಿ.ಪಿ. ಇಳಿದು ಬೀಳುವ ಭಯವಿರುತ್ತದೆ, ಆದ್ದರಿಂದ ನಿಧಾನವಾಗಿ ಎಬ್ಬಿಸಿ, ಸುಡುಬಿಸಿಲು ತಪ್ಪಿಸಿ, ನೀರು ಕುಡಿಸಿ. ಬೆಳಕಿನ ಪೆಟ್ಟಿಗೆ ಕೊಳ್ಳುವ ಯೋಚನೆ ಇದ್ದರೆ, ಕಣ್ಣಿನ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಕೊನೆಯ ಮಾತು

ಬೆಳಕು ಔಷಧಿಗೆ ಜೊತೆ, ಬದಲಿಯಲ್ಲ. "ಮಾತ್ರೆ ಬಿಡಿ" ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.