ಒತ್ತೆ ಮತ್ತು ಪೂರ್ವಾನುಮೋದನೆ

ಒತ್ತೆ (ನಾಮಪದ): ಸಾಲಕ್ಕೆ ಭದ್ರತೆಯಾಗಿ ಇಟ್ಟ ವಸ್ತು ಅಥವಾ ಆಸ್ತಿ. ತಮಿಳು, ಮಲಯಾಳಂಗಳ ‘ಒಱ್ಱಿ’ ಇದರ ಸೋದರ ರೂಪವಾಗಿದ್ದು, ಸಾಲ ಕೊಟ್ಟವನು ಆಸ್ತಿಯನ್ನು ಸ್ವಾಧೀನಕ್ಕೆ ಪಡೆದು ಅದರ ಫಲವನ್ನು ಅನುಭವಿಸುವ, ಕನ್ನಡದಲ್ಲಿ ‘ಭೋಗ್ಯ’ ಎನಿಸುವ ಅಡಮಾನವನ್ನು ಅಲ್ಲಿ ಸೂಚಿಸುತ್ತದೆ. ಕನ್ನಡದ ಒತ್ತೆ ಅಷ್ಟು ಸಂಕುಚಿತವಲ್ಲ. ಚಿನ್ನದಿಂದ ಮನುಷ್ಯನವರೆಗೂ, ಎಂದರೆ ‘ಒತ್ತೆಯಾಳಿ’ನವರೆಗೂ, ಹರಡಿದೆ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ‘ಮಾರ್ಟ್‌ಗೇಜ್’ನ ಅಕ್ಷರಾರ್ಥವಾದರೋ ‘ಸತ್ತ ಒತ್ತೆ’. ಇಂದಿನ ಗೃಹಸಾಲದಲ್ಲಿ ಸಾಲಗಾರನು ಮನೆಯಲ್ಲಿಯೇ ಇದ್ದು, 1882ರ ಆಸ್ತಿ ವರ್ಗಾವಣೆ ಕಾಯ್ದೆ ಒಪ್ಪುವಂತೆ, ಹಕ್ಕುಪತ್ರಗಳನ್ನಷ್ಟೇ ಬ್ಯಾಂಕಿನಲ್ಲಿ ಒತ್ತೆಯಿಡುವುದುಂಟು. ಮನೆ ಗೊತ್ತಾಗುವ ಮೊದಲೇ ಆದಾಯವನ್ನೂ ಹಿಂದಿನ ಸಾಲಗಳ ಮರುಪಾವತಿಯನ್ನೂ ನೋಡಿ ಬ್ಯಾಂಕು ಕೊಡುವ ‘ಪೂರ್ವಾನುಮೋದನೆ’ಯಲ್ಲಿ ಒತ್ತೆಯ ಆಸ್ತಿಯೇ ಇನ್ನೂ ನಿಶ್ಚಯವಾಗಿರುವುದಿಲ್ಲವಾದ್ದರಿಂದ, ಅದನ್ನು ‘ಸಾಲ ಮಂಜೂರಾತಿ’ ಎಂದು ಬರೆಯುವುದು ತಪ್ಪು.