ಸಾಮೂಹಿಕ ಪ್ರಾರ್ಥನೆ ಮತ್ತು ಸಮುದಾಯದ ನವಚೇತನ: ಬೆಟಗೇರಿ ಕ್ರೈಸ್ತ ಸಭೆಯ ಹಿನ್ನೆಲೆಯಲ್ಲಿ

ಗದಗ ಸೀಮೆಯ ಜನಜೀವನದಲ್ಲಿ ಕೂಡಿ ಹಾಡುವುದು, ಕೂಡಿ ಬೇಡಿಕೊಳ್ಳುವುದು ಹೊಸ ರೂಢಿಯಲ್ಲ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಗದುಗಿನ ತೋಂಟದಾರ್ಯ ಮಠ ಇವೆಲ್ಲವೂ ಸಾಮೂಹಿಕ ಭಕ್ತಿಯ ನೆಲೆಗಳು. ಇದೇ ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕ್ರೈಸ್ತ ಸಮುದಾಯವು ಸಂಖ್ಯೆಯಲ್ಲಿ ಚಿಕ್ಕದು. ಆ ಸಮುದಾಯವನ್ನು ಮತ್ತೆ ಮತ್ತೆ ಚೇತರಿಸಿದ ಶಕ್ತಿ ಯಾವುದು ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಆ ಹೊತ್ತಿಗೆ ಈ ಭಾಗದಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿ ಹೊಸ ಯುಗವೊಂದರ ನಿರೀಕ್ಷೆಯಲ್ಲಿದ್ದ ಜನರ ಗುಂಪೊಂದು ಮಿಶನರಿಗಳನ್ನು ಸಂಪರ್ಕಿಸಿತು. ಹೆರ್ಮನ್ ಮೋಗ್ಲಿಂಗ್ ಮೊದಲಾದವರಲ್ಲಿ ಇದು ದೊಡ್ಡ ಆಸೆ ಹುಟ್ಟಿಸಿತು. ಬೆಟಗೇರಿ ಸಮೀಪದ ಮಲ್ಲಸಮುದ್ರದಲ್ಲಿ ಕೃಷಿ ಆಧಾರಿತ ಕ್ರೈಸ್ತ ನೆಲೆಯೊಂದನ್ನು ಕಟ್ಟುವ ಪ್ರಯತ್ನ ನಡೆಯಿತು. ಆದರೆ ನಿರೀಕ್ಷಿಸಿದ ಜನಸಮೂಹ ಅಲ್ಲಿಗೆ ಬರಲಿಲ್ಲ. ಕಾಲಜ್ಞಾನಿಗಳು ಕಾಯುತ್ತಿದ್ದುದು ಒಂದನ್ನು, ಮಿಶನರಿಗಳು ಹೇಳುತ್ತಿದ್ದುದು ಇನ್ನೊಂದನ್ನು. ಹೊಲ, ಮನೆ, ಯೋಜನೆ ಇವಿಷ್ಟರಿಂದಲೇ ಸಭೆಯೊಂದು ಹುಟ್ಟುವುದಿಲ್ಲವೆಂಬುದಕ್ಕೆ ಮಲ್ಲಸಮುದ್ರ ಸಾಕ್ಷಿಯಾಗಿದೆ.

ಹಾಗಾದರೆ ಉಳಿದು ಬಂದ ಸಭೆ ಯಾವುದರ ಮೇಲೆ ನಿಂತಿತು? ಇದಕ್ಕೆ ಉತ್ತರ ಹುಡುಕುವಾಗ ಮಿಶನರಿಗಳ ಮೂಲವನ್ನು ಗಮನಿಸಬೇಕು. ಮೋಗ್ಲಿಂಗ್ ಸೇರಿದಂತೆ ಅವರಲ್ಲಿ ಹಲವರು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಅಲ್ಲಿಯ ಭಕ್ತಿಪಂಥದವರು ಭಾನುವಾರದ ಆರಾಧನೆಯ ಜೊತೆಗೆ ಮನೆಗಳಲ್ಲಿ ಸೇರಿ ವೇದಪಾಠ, ಹಾಡು, ಪ್ರಾರ್ಥನೆಗಳಲ್ಲಿ ತೊಡಗುತ್ತಿದ್ದರು. ಆ ಕೂಟಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಗಳಿಗೆ’ ಎಂದು. 1743ರ ರಾಜಾಜ್ಞೆಯೊಂದು ಕೆಲವು ಷರತ್ತುಗಳೊಡನೆ ಈ ಕೂಟಗಳಿಗೆ ಮಾನ್ಯತೆ ನೀಡಿತ್ತು. ಅಂದರೆ ಬೆಟಗೇರಿಗೆ ಬಂದವರ ಕೈಯಲ್ಲಿ ಗ್ರಂಥದೊಡನೆ ಕೂಟದ ರೂಢಿಯೂ ಇತ್ತು. ಭಜನೆಯನ್ನೂ ಅನುಭಾವ ಗೋಷ್ಠಿಯನ್ನೂ ಬಲ್ಲ ಜನರಿಗೆ ಈ ಮನೆಕೂಟ ತೀರ ಪರಕೀಯವೆನಿಸಿರಲಾರದು. ಫರ್ಡಿನಾಂಡ್ ಕಿಟೆಲ್ ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿಗೆ ಅಳವಡಿಸಿದ್ದು, ದೇಶೀ ಲಯದ ಮಹತ್ವವನ್ನು ಮಿಶನರಿಗಳು ಅರಿತಿದ್ದರೆಂಬುದನ್ನು ತೋರಿಸುತ್ತದೆ.

ಈ ರೂಢಿಗೆ ಎರಡು ಕಠಿಣ ಪರೀಕ್ಷೆಗಳು ಎದುರಾದವು. ಮೊದಲನೆಯದು 1876-78ರ ಧಾತು-ಈಶ್ವರ ಸಂವತ್ಸರಗಳ ಬರ. ಅನಾಥರಾದ ಮಕ್ಕಳನ್ನು ಮಿಶನ್ ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. ಹಸಿವಿನಿಂದ ಬಂದವರನ್ನು ಒಂದು ಕುಟುಂಬವಾಗಿಸುವುದು ಗಂಜಿಯಿಂದಷ್ಟೇ ಆಗುವ ಕೆಲಸವಲ್ಲ. ನಿತ್ಯವೂ ಒಟ್ಟಿಗೆ ಕುಳಿತು ಒಂದೇ ಮಾತನ್ನು ಬೇಡಿಕೊಳ್ಳುವ ಅಭ್ಯಾಸವೂ ಅದಕ್ಕೆ ಬೇಕು. ಎರಡನೆಯದು 1914ರ ಮಹಾಯುದ್ಧ. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ, ಬಳಿಕ ದೇಶ ಬಿಡಬೇಕಾಯಿತು. ಹಣವನ್ನೂ ಆಡಳಿತವನ್ನೂ ಹೊತ್ತಿದ್ದ ಕೈ ಸರಿದಾಗ ಸ್ಥಳೀಯ ಸಭಾಪಾಲಕರ, ಉಪದೇಶಿಗಳ, ಸಾಮಾನ್ಯ ಕುಟುಂಬಗಳ ಹೊಣೆ ಹೆಚ್ಚಿತು. ದೊಡ್ಡ ಸಂಸ್ಥೆ ಅಲುಗಿದರೂ ಮನೆಯ ಪ್ರಾರ್ಥನೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಎಡೆಬಿಡದ ಪ್ರಾರ್ಥನೆ ನವಚೇತನಕ್ಕೆ ದಾರಿಯಾದುದಕ್ಕೆ ಹೆಚ್ಚು ಸ್ಪಷ್ಟವಾದ ದಾಖಲೆ ನೆರೆಯ ಮಹಾರಾಷ್ಟ್ರದಲ್ಲಿ ದೊರೆಯುತ್ತದೆ. ಕಾರ್ಕಳ ಸಮೀಪದ ಮಾಳ ಮೂಲದ ಮನೆತನದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿ, ಪುಣೆ ಬಳಿಯ ಕೇಡಗಾಂವದಲ್ಲಿ ಬರಪೀಡಿತ ಹೆಣ್ಣುಮಕ್ಕಳಿಗಾಗಿ ಮುಕ್ತಿ ಸದನವನ್ನು ನಡೆಸುತ್ತಿದ್ದರು. ವೇಲ್ಸ್ ದೇಶದ ಧಾರ್ಮಿಕ ಜಾಗೃತಿಯ ಸುದ್ದಿ ಹಬ್ಬಿದ್ದ ಕಾಲವದು. 1905ರ ಜನವರಿಯಲ್ಲಿ ಅವರು ವಿಶೇಷ ಪ್ರಾರ್ಥನಾ ಕೂಟವನ್ನು ಆರಂಭಿಸಿದಾಗ ಸೇರಿದವರು ಸುಮಾರು 70 ಮಂದಿ. ಜೂನ್ ವೇಳೆಗೆ ಸುಮಾರು 550 ಮಂದಿ ದಿನಕ್ಕೆರಡು ಬಾರಿ ಸೇರುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಅಲ್ಲಿ ಕಣ್ಣೀರು, ಪಾಪನಿವೇದನೆ, ಹರ್ಷಗಳ ಅಲೆ ಎದ್ದಿತು. ಬಳಿಕ ತಂಡತಂಡವಾಗಿ ಹೆಣ್ಣುಮಕ್ಕಳು ಸುತ್ತಲ ಹಳ್ಳಿಗಳಿಗೆ ಸಾಕ್ಷಿ ಹೇಳಲು ಹೊರಟರು. ಜನ ನೆನೆಯುವುದು ಜೂನ್ ತಿಂಗಳ ಆ ರಾತ್ರಿಯನ್ನು. ಆದರೆ ಅದರ ಹಿಂದೆ ಆರು ತಿಂಗಳ ಮುಂಜಾವುಗಳಿದ್ದುವೆಂಬುದು ಮರೆಯಬಾರದ ಸಂಗತಿ.

ಬೆಟಗೇರಿಯಂತಹ ಸಭೆಯ ಚರಿತ್ರೆಯನ್ನು ಇಂತಹ ಮಹಾರಾತ್ರಿಗಳ ಲೆಕ್ಕದಿಂದ ಬರೆಯಲಾಗದು. ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆ, ಶುಭ ಶುಕ್ರವಾರದ ಧ್ಯಾನ, ಸುಗ್ಗಿಯ ಕೃತಜ್ಞತಾರ್ಪಣೆ, ಸ್ತ್ರೀಯರ ಕೂಟ, ಸರದಿಯಂತೆ ಮನೆಯಿಂದ ಮನೆಗೆ ಸಾಗುವ ಪ್ರಾರ್ಥನೆ: ಕನ್ನಡ ನಾಡಿನ ಪ್ರಾಟೆಸ್ಟಂಟ್ ಸಭೆಗಳ ಜೀವನಾಡಿ ಇಂತಹವುಗಳಲ್ಲಿದೆ. ಮನೆಕೂಟದಲ್ಲಿ ರೋಗಿಯ ಹೆಸರು ಹೇಳಿದ ಮೇಲೆ ನೆರೆಯವರು ಆ ರೋಗಿಯನ್ನು ಮರೆಯಲಾರರು. ಮುನಿಸಿಕೊಂಡ ಇಬ್ಬರು ಒಂದೇ ಜಮಖಾನದ ಮೇಲೆ ಕುಳಿತು ಕ್ಷಮೆಯನ್ನು ಬೇಡುವಾಗ ಮುನಿಸು ಬಹುಕಾಲ ನಿಲ್ಲದು. ಓದಲು ಬಾರದ ಮುದುಕಿಯೂ ಇಲ್ಲಿ ಸ್ವಂತ ಮಾತಿನಲ್ಲಿ ಪ್ರಾರ್ಥಿಸುವ ಅಧಿಕಾರ ಪಡೆಯುತ್ತಾಳೆ.

ಪ್ರಾರ್ಥನೆಗೆ ದೇವರು ಓಗೊಡುವ ಬಗೆಯನ್ನು ಅಳೆಯುವ ಉಪಕರಣ ಜಾನಪದ ವಿದ್ವಾಂಸರಲ್ಲಿಲ್ಲ. ಆದರೆ ಪ್ರಾರ್ಥಿಸುವ ಜನ ಪರಸ್ಪರ ಹೇಗೆ ಬದಲಾಗುತ್ತಾರೆಂಬುದನ್ನು ನೋಡಬಹುದು. ಬೇಡಿಕೆಯನ್ನು ಬಿಡದೆ ಮುಂದಿಟ್ಟ ವಿಧವೆಯ ಸಾಮತಿಯನ್ನು ಕ್ರಿಸ್ತನು ಹೇಳಿದ್ದು ಶಿಷ್ಯರು ಬೇಸರಗೊಳ್ಳದಿರಲೆಂದು. ಕೂಟಕ್ಕೆ ಇಬ್ಬರೋ ಮೂವರೋ ಬರುವ ವಾರವೂ ದೀಪ ಹಚ್ಚಿ ಕುಳಿತವರಿಂದಲೇ ಸಭೆಯ ನವಚೇತನ ಸಾಧ್ಯವಾಗಿದೆಯೆಂಬುದು ಈ ಅವಲೋಕನದ ನಿಲುವು.