ಎರಡು ಕೆರೆಗಳ ನಡುವಿನ ಜಾಗ

ಬೆಂಗಳೂರಿನ ಆಗ್ನೇಯಕ್ಕೆ ಅಗರ ಕೆರೆ, ಅದರ ಕೆಳಗೆ ಬೆಳ್ಳಂದೂರು ಕೆರೆ. ಅಗರ ತುಂಬಿ ಕೋಡಿ ಬಿದ್ದರೆ ಆ ನೀರು ಬೆಳ್ಳಂದೂರಿಗೆ ಇಳಿಯಬೇಕು. ನಡುವಿನ ತಗ್ಗು ನೆಲಕ್ಕೆ ಇದ್ದ ಕೆಲಸವೇ ಅದು: ಮಳೆಗಾಲದಲ್ಲಿ ನೀರಿಗೆ ದಾರಿ ಬಿಡುವುದು, ಒಂದಿಷ್ಟನ್ನು ಹೀರಿಕೊಳ್ಳುವುದು. ಗಟ್ಟಿ ಬಂಡೆಯ ಈ ಸೀಮೆಯಲ್ಲಿ ಬಾವಿಗಳಿಗೆ ನೀರು ಬರುತ್ತಿದ್ದುದು ಬಂಡೆಯ ಮೇಲಿನ ಶಿಥಿಲ ಪದರದಿಂದ. ಆ ಪದರ ತುಂಬುತ್ತಿದ್ದುದು ಕೆರೆಯಂಗಳ ಮತ್ತು ಇಂಥ ಜೌಗು ನೆಲಗಳಿಂದ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದ ನೀರಗಂಟಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಳ್ಳಂದೂರು ಸಣ್ಣ ಕೆರೆಯಲ್ಲ, ಸುಮಾರು 900 ಎಕರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ಇದೇ ನೀರಿನ ಮೇಲೆ ಇಳಿಯುತ್ತಿದ್ದವು. ಆಮೇಲೆ ನಗರ ಬೆಳೆಯಿತು, ಕಾವೇರಿ ನೀರು 1974ರಲ್ಲಿ ಬಂತು. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ನೀರು ಬಳಕೆಯಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಮಾತ್ರ ತಕ್ಕ ಏರ್ಪಾಡಾಗಲಿಲ್ಲ. ಅದು ಇಳಿಜಾರು ಹಿಡಿದು ರಾಜಕಾಲುವೆಗೆ ಬಿತ್ತು, ಅಲ್ಲಿಂದ ಬೆಳ್ಳಂದೂರಿಗೆ. ಮಳೆನೀರಿಗೆಂದು ತೋಡಿದ ಕಾಲುವೆ ವರ್ಷವಿಡೀ ಹರಿಯುವ ಕೊಳಚೆ ಹೊಳೆಯಾಯಿತು.

ಇಂಥ ಹೊತ್ತಿನಲ್ಲಿ ಅಗರ–ಬೆಳ್ಳಂದೂರು ನಡುವಿನ ಜಾಗದಲ್ಲಿ ಎರಡು ಕಂಪನಿಗಳ ಭಾರೀ ಐಟಿ ಪಾರ್ಕ್ ಯೋಜನೆಗಳು ಎದ್ದವು. ಒಂದರಲ್ಲಿ ಆಫೀಸುಗಳ ಜೊತೆಗೆ ವಸತಿ, ಹೋಟೆಲು ಕೂಡ ಇತ್ತು. ನಕ್ಷೆಯಲ್ಲಿ ಅದು ಖಾಲಿ ಜಾಗ. ನೀರಿನ ಲೆಕ್ಕದಲ್ಲಿ ಖಾಲಿಯಲ್ಲ. ನೆಲಮಾಳಿಗೆಗೆಂದು ಆಳಕ್ಕೆ ಅಗೆದರೆ ಮೇಲ್ಪದರದ ಅಂತರ್ಜಲ ಗುಂಡಿಗೆ ಒಸರುತ್ತದೆ. ಕಟ್ಟಡ ಏಳಬೇಕಾದರೆ ಅದನ್ನು ಪಂಪ್ ಮಾಡಿ ಚರಂಡಿಗೆ ಬಿಡುತ್ತಲೇ ಇರಬೇಕು. ಕಾಂಕ್ರೀಟು ಬಿದ್ದ ಮೇಲೆ ಮಳೆ ಇಂಗುವುದಿಲ್ಲ. ಸಾವಿರಾರು ನೌಕರರು ಬಳಸಿದ ನೀರನ್ನು ಆವರಣದಲ್ಲೇ ಶುದ್ಧಗೊಳಿಸಿ ಫ್ಲಶ್ಶಿಗೆ, ಗಿಡಗಳಿಗೆ ಹಾಯಿಸುತ್ತೇವೆಂದರೂ, ಮಿಕ್ಕಿದ್ದು ಇಳಿಯುವುದು ಅದೇ ತಗ್ಗಿಗೆ. ಇಂಥ ಜಾಗದಲ್ಲಿ ಟ್ಯಾಂಕರ್ ನೀರು ಮತ್ತು ಪ್ರವಾಹ ಎರಡೂ ಒಂದೇ ವಿಳಾಸಕ್ಕೆ ಬರುತ್ತವೆ.

ನಾಗರಿಕ ಸಂಘಟನೆಗಳು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದವು. 2015ರ ಮೇ 7ರಂದು ನ್ಯಾಯಮಂಡಳಿ ಯೋಜನಾ ವೆಚ್ಚದ ಶೇ. 5ರ ಲೆಕ್ಕದಲ್ಲಿ ಒಂದು ಕಂಪನಿಗೆ 117.35 ಕೋಟಿ, ಇನ್ನೊಂದಕ್ಕೆ 22.5 ಕೋಟಿ ರೂಪಾಯಿ ದಂಡ ಹಾಕಿತು. ಅದೇ ತಿಂಗಳ ನಡುವಿನಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿಕೊಂಡಿತು. ಕೆರೆ ಹೊತ್ತಿ ಉರಿಯುವ ಚಿತ್ರ ದೇಶವಿಡೀ ಹೋಯಿತು.

ಮುಂದಿನದು ಮೀಟರುಗಳ ಜಗಳ. ನಗರದ ಮಾಸ್ಟರ್ ಪ್ಲಾನ್ ಕೆರೆಯಂಚಿನಿಂದ 30 ಮೀಟರ್ ಬಿಡಬೇಕೆಂದಿತ್ತು. ನ್ಯಾಯಮಂಡಳಿ 2016ರ ಮೇ 4ರ ಆದೇಶದಲ್ಲಿ ಅದನ್ನು 75 ಮೀಟರಿಗೆ ಏರಿಸಿ, ಊರಿಗೆಲ್ಲ ಅನ್ವಯಿಸಿತು. ಸಣ್ಣ ಸೈಟಿನವರೂ ಗಾಬರಿಬಿದ್ದರು, ಬಿಲ್ಡರುಗಳೂ ಮೇಲ್ಮನವಿ ಹಾಕಿದರು. ಶಾಸನಬದ್ಧ ಮಾಸ್ಟರ್ ಪ್ಲಾನನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ 75 ಮೀಟರಿನ ಆದೇಶವನ್ನು ರದ್ದು ಮಾಡಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ವಾದವಿಡೀ ಕೆರೆಯ ದಂಡೆಯನ್ನು ಅಳೆಯುವುದರಲ್ಲೇ ಕಳೆಯಿತು. ಕೆರೆಯಿಂದ ಕೆರೆಗೆ ಹೋಗುವ ದಾರಿಯನ್ನು ಇಡಿಯಾಗಿ ಉಳಿಸಬೇಕೆಂಬ ಮೂಲ ಮಾತು ಹಿಂದೆ ಬಿತ್ತು.

2022ರ ಸೆಪ್ಟೆಂಬರಿನ ಮಳೆಯಲ್ಲಿ ನೀರು ತನ್ನ ಹಳೆಯ ದಾರಿಗಳನ್ನು ತಾನೇ ಹುಡುಕಿಕೊಂಡಿತು. ಹೊರವರ್ತುಲ ರಸ್ತೆಯ ಐಟಿ ಪಾರ್ಕುಗಳು ಮುಳುಗಿದವು, ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು.

ಬೆಳ್ಳಂದೂರಿನ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಗಡಿಯಾಚೆ ಅದಕ್ಕೆ ತೆನ್‌ಪೆಣ್ಣೈ ಎಂದು ಹೆಸರು. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಮಳೆ ಜೋರಾಗಿ ಗೇಟು ತೆಗೆದಾಗ ಬಿಳಿ ನೊರೆ ಏಳುತ್ತದೆ. ಕೃಷ್ಣಗಿರಿ ಜಿಲ್ಲೆಯ ರೈತರು ಹೊಲಕ್ಕೆ ಹಾಯಿಸಿಕೊಳ್ಳುವುದು ಆ ನೀರನ್ನೇ.